ಆನರ್ಸ್ ಸೀಟಿಗೆ ಹಣ ಕಟ್ಟುವ ಮುಂಚೆ

ಮಗಳೇ, ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್‌ಗೆ ನಿನಗೆ ಸೀಟು ಸಿಕ್ಕಿದೆ ಎಂದು ನಿನ್ನ ಅಪ್ಪ ಹೇಳಿದ. ಕೇಳಿ ಸಂತೋಷವಾಯಿತು. ಈ ವರ್ಷ ಕಾಫಿಗೆ ಬೆಲೆಯಿದೆ, ಫೀಸು ಹಾಸ್ಟೆಲ್ ಎಲ್ಲ ಹೊಂದಿಸಬಹುದು, ಸಾಲದೆ ಬಂದರೆ ತೋಟದ ಮೇಲೆ ಸಾಲ ತೆಗೆಯುತ್ತೇನೆ ಎಂದೂ ಹೇಳಿದ. ಕಾಫಿಯ ಬೆಲೆ ನಾಲ್ಕು ವರ್ಷ ಹೀಗೇ ನಿಲ್ಲುತ್ತದೆ ಎಂದು ಕೊಡಗಿನ ಯಾವ ಬೆಳೆಗಾರನೂ ಭರವಸೆ ಕೊಡಲಾರ. ಅದಕ್ಕೇ ಮೊದಲ ಕಂತು ಕಟ್ಟುವ ಮುಂಚೆ ನನ್ನ ನಾಲ್ಕು ಮಾತು ಕೇಳು.

ಈ ಆನರ್ಸ್‌ನಿಂದ ಸಿಗುವುದೇನು? 2022ರ ಡಿಸೆಂಬರ್‌ನಲ್ಲಿ ಯುಜಿಸಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ತೆಗೆದವರು ಕೊನೆಯ ವರ್ಷ ಸಂಶೋಧನೆಗೆ ಇಳಿಯಬಹುದು, 12 ಕ್ರೆಡಿಟ್‌ನ ಪ್ರಬಂಧ ಬರೆಯಬಹುದು. ಉಳಿದವರು ಅದರ ಬದಲಿಗೆ ಇನ್ನಷ್ಟು ಪಾಠ ಓದಿ ಬರೀ ಆನರ್ಸ್ ಪಡೆಯುತ್ತಾರೆ. ಆನರ್ಸ್ ಮುಗಿಸಿದವರಿಗೆ ಎಂ.ಎಸ್ಸಿ. ಒಂದೇ ವರ್ಷದ್ದಾಗಬಹುದು. ಶೇ. 75 ಇದ್ದರೆ ನೇರವಾಗಿ ಪಿಎಚ್.ಡಿ. ಪ್ರವೇಶಕ್ಕೂ ಅರ್ಹತೆ ಬರುತ್ತದೆ.

ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಈ ಪದ್ಧತಿ ಬಂದು ಹೋಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಡಿ ದೇಶದಲ್ಲೇ ಮೊದಲಿಗರಾಗಿ ಕರ್ನಾಟಕದವರು 2021-22ರಲ್ಲಿ ಇದನ್ನು ತಂದರು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಮಡಿಕೇರಿಯ ಕಾರ್ಯಪ್ಪ ಕಾಲೇಜಿಗೆ ಸೇರುವ ನಿನ್ನ ಗೆಳತಿಯರು ಮೂರೇ ವರ್ಷಕ್ಕೆ ಪದವಿ ಮುಗಿಸುತ್ತಾರೆ. ಅವರ ಮುಂದೆ ನೀನು ಮೇಲಾದೆ ಎಂದೋ, ನಿನ್ನ ಮುಂದೆ ಅವರು ಹಿಂದೆ ಬಿದ್ದರು ಎಂದೋ ಯಾರಾದರೂ ಹೇಳಿದರೆ ನಂಬಬೇಡ. ಎಂ.ಎಸ್ಸಿ. ತನಕದ ಲೆಕ್ಕ ಹಾಕಿದರೆ ಮೂರಕ್ಕೆ ಎರಡು ಸೇರಿದರೂ ಐದು, ನಾಲ್ಕಕ್ಕೆ ಒಂದು ಸೇರಿದರೂ ಐದು. ಕೆಎಎಸ್, ಐಎಎಸ್, ಬ್ಯಾಂಕ್ ಪರೀಕ್ಷೆ, ಬಿ.ಎಡ್. ಇವೆಲ್ಲಕ್ಕೂ ಮೂರು ವರ್ಷದ ಪದವಿ ಸಾಕು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರಕ್ಕೆ ನಾಲ್ಕು ವರ್ಷದ ಪದವಿ ಕೇಳುತ್ತವೆ, ಅಲ್ಲಿಗೆ ಹೋಗುವ ಮನಸ್ಸಿದ್ದರೆ ಮಾತ್ರ ಲೆಕ್ಕ ಬೇರೆ.

ಹಾಗಾದರೆ ಆನರ್ಸ್ ದಂಡವೇ? ಹಾಗೆ ನಾನು ಹೇಳುವುದಿಲ್ಲ. ಅದರ ಬೆಲೆಯೆಲ್ಲ ಆ ನಾಲ್ಕನೇ ವರ್ಷದಲ್ಲಿದೆ. ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ತನ್ನದೇ ಒಂದು ಪ್ರಶ್ನೆ ಹಿಡಿದು, ಅನುಭವಿ ಮೇಷ್ಟ್ರೊಬ್ಬರ ಕೈಕೆಳಗೆ ಒಂದಿಡೀ ವರ್ಷ ದುಡಿಯುವುದು ದೊಡ್ಡ ಭಾಗ್ಯ. ಅಳೆಯುವುದು, ಬರೆದಿಡುವುದು, ತಾನು ಕಂಡದ್ದನ್ನೇ ಸಂಶಯಿಸಿ ಮತ್ತೆ ನೋಡುವುದು ಆಗಲೇ ಅಭ್ಯಾಸವಾಗುತ್ತದೆ. ಆ ಮೇಷ್ಟ್ರು ಇಲ್ಲದ ಕಡೆ ನಾಲ್ಕನೇ ವರ್ಷವೆಂದರೆ ಇನ್ನೊಂದು ವರ್ಷದ ಫೀಸು ಅಷ್ಟೇ.

ಮೇಷ್ಟ್ರು ಇದ್ದಾರೋ ಇಲ್ಲವೋ ಎಂದು ತಿಳಿಯುವುದು ಕಷ್ಟವಲ್ಲ. ಸಂಶೋಧನೆಯ ಆನರ್ಸ್ ನಡೆಸುವ ವಿಭಾಗದಲ್ಲಿ ಪಿಎಚ್.ಡಿ. ಮಾರ್ಗದರ್ಶನಕ್ಕೆ ಮಾನ್ಯತೆ ಪಡೆದ ಇಬ್ಬರು ಕಾಯಂ ಅಧ್ಯಾಪಕರಾದರೂ ಇರಬೇಕು ಎಂದು ಯುಜಿಸಿ ಹೇಳಿದೆ. ಆ ಇಬ್ಬರು ಯಾರು ಎಂದು ಕೇಳು. ಹಿಂದಿನ ವಿದ್ಯಾರ್ಥಿಗಳು ಬರೆದ ಪ್ರಬಂಧ ಒಂದೆರಡನ್ನು ತೋರಿಸಿ ಎನ್ನು. ಪ್ರವೇಶ ವಿಭಾಗದವರು ಕೊಡುವ ಬಣ್ಣದ ಪುಸ್ತಿಕೆ ಓದಿ ತೀರ್ಮಾನಿಸಬೇಡ. ಪ್ರಯೋಗಾಲಯಕ್ಕೆ ಹೋಗು, ಕೊನೆಯ ವರ್ಷದ ಹುಡುಗಿಯರ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತಾಡು. ಕೇಳಲು ಸಂಕೋಚ ಬೇಡ, ಹಣ ಕಟ್ಟುವವರು ನಾವು.

ಇನ್ನೊಂದು ವಿಷಯ. ನಿನ್ನ ಮನೆಯಲ್ಲಿ ಯಾರೂ ಎತ್ತದೆ ಇರುವುದು ನನಗೆ ಆಶ್ಚರ್ಯ. ಸರ್ಕಾರ ಮೂರು ವರ್ಷಕ್ಕೆ ಮರಳಿದ ಮೇಲೂ ನಮ್ಮ ಜಿಲ್ಲೆಯಲ್ಲೇ ನಾಲ್ಕು ವರ್ಷದ ಆನರ್ಸ್ ಪದವಿಯೊಂದು ನಡೆಯುತ್ತಿದೆ. ಗೋಣಿಕೊಪ್ಪ ದಾಟಿದರೆ ಸಿಗುವ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಬಿ.ಎಸ್ಸಿ. ಆನರ್ಸ್ ಫಾರೆಸ್ಟ್ರಿ ಅದು. ಕಾಲೇಜು 1995ರಲ್ಲಿ ಶುರುವಾಯಿತು, ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಈ ಓದಿಗೆ ಶಿರಸಿಯಲ್ಲಿ ಇನ್ನೊಂದು ಕಾಲೇಜಿದೆ. ಪ್ರವೇಶ ಸಿಇಟಿ ಮೂಲಕ. ರೈತರ ಮಕ್ಕಳಿಗೆ ಕೃಷಿಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಸಸಿ, ಬೀಜ, ಗೊಬ್ಬರ ಗುರುತಿಸಲು ತೋಟದಲ್ಲೇ ಬೆಳೆದ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿ ಓದುವವರ ಪ್ರಯೋಗಾಲಯ ನಮ್ಮ ಕೊಡಗೇ. ಜಿಲ್ಲೆಯಲ್ಲಿ ಲೆಕ್ಕಕ್ಕೆ ಸಿಕ್ಕ ದೇವರಕಾಡುಗಳೇ ಸಾವಿರದ ಇನ್ನೂರಕ್ಕೂ ಹೆಚ್ಚು. ಅವುಗಳ ಅಂಚು ಒತ್ತುವರಿಯಾಗುತ್ತಿದೆ. ತೋಟದ ನೆರಳಿಗೆಂದು ಇದ್ದ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದು ಕೂತಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ನೀನೂ ಸಣ್ಣವಳಿದ್ದಾಗ ಕಂಡಿದ್ದೀಯ. ಯಾವ ಮರ ಹೋದರೆ ಯಾವ ಹಕ್ಕಿ ಹೋಗುತ್ತದೆ, ಕಡಿದ ಇಳಿಜಾರಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಮತ್ತಿಮರದ ಕೆಳಗಿನ ಮಣ್ಣಿಗೂ ಸಿಲ್ವರ್ ಓಕಿನ ಕೆಳಗಿನ ಮಣ್ಣಿಗೂ ಏನು ವ್ಯತ್ಯಾಸ ಎಂದು ಕೇಳಿ ಉತ್ತರ ಹುಡುಕುವವರು ನಮಗೆ ಬೇಕು. ಕೆಲಸದ ಮಾತಿಗೆ ಬಂದರೆ, ಅರಣ್ಯ ಇಲಾಖೆಯ ವಲಯ ಅರಣ್ಯಾಧಿಕಾರಿ ನೇಮಕದಲ್ಲಿ ಫಾರೆಸ್ಟ್ರಿ ಪದವೀಧರರಿಗೆ ಒಂದು ಪಾಲು ಮೀಸಲಿದೆ. ಮುಂದೆ ಓದಬೇಕೆಂದರೆ ಐಸಿಎಆರ್ ಪರೀಕ್ಷೆ ಬರೆದು ದೇಶದ ಬೇರೆ ವಿಶ್ವವಿದ್ಯಾಲಯಗಳಿಗೂ ಹೋಗಬಹುದು.

ಬೆಂಗಳೂರೇ ಬೇಕೆಂದು ನಿನಗೆ ಅನಿಸಿದರೆ ಹೋಗು, ನಾನು ತಡೆಯುವುದಿಲ್ಲ. ಊರು ಬಿಟ್ಟು ಓದುವುದರಿಂದ ಹೆಣ್ಣುಮಕ್ಕಳಿಗೆ ಬರುವ ಧೈರ್ಯವನ್ನು ನಾನು ಕಣ್ಣಾರೆ ಕಂಡವನು. ಆದರೆ ಮೊದಲ ಸೆಮಿಸ್ಟರ್‌ನಿಂದಲೇ ಆ ಶೇ. 75ರ ಗೆರೆ ನೆನಪಿನಲ್ಲಿರಲಿ. ಮೊದಲ ವರ್ಷ ಊರು ಸುತ್ತಿ, ಮೂರನೇ ವರ್ಷ ಎಚ್ಚರವಾದವರಿಗೆ ಅದು ಕೈಗೆ ಸಿಗುವುದಿಲ್ಲ. ಮದುವೆ ಮನೆಯಲ್ಲಿ ನೆಂಟರು ಕೇಳಿದಾಗ 'ಆನರ್ಸ್' ಎನ್ನಲು ಚೆನ್ನಾಗಿರುತ್ತದೆ ಎಂಬ ಕಾರಣಕ್ಕೆ ಮಾತ್ರ ಹೋಗಬೇಡ. ಅಪ್ಪ ಸಾಲ ತೀರಿಸುವಾಗ ಆ ನೆಂಟರು ಯಾರೂ ಇರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಪೊನ್ನಂಪೇಟೆಯನ್ನು ಎಲ್ಲಕ್ಕಿಂತ ಮೇಲೆ ಹಾಕು. ಅದು ಸಿಗದಿದ್ದರೆ ಮಡಿಕೇರಿಯಲ್ಲಿ ಮೂರು ವರ್ಷ ಓದಿ ಒಳ್ಳೆಯ ಕಡೆ ಎಂ.ಎಸ್ಸಿ.ಗೆ ಹೋಗು. ಬೆಂಗಳೂರಿನ ಸೀಟಿಗೆ, ನಾನು ಹೇಳಿದ ಆ ಇಬ್ಬರು ಮೇಷ್ಟ್ರು ಯಾರೆಂದು ತಿಳಿಯುವ ತನಕ ಅಪ್ಪನ ಕೈಯಲ್ಲಿ ಒಂದು ರೂಪಾಯಿಯನ್ನೂ ಕಟ್ಟಿಸಬೇಡ.