ಸೌದೆ ಒಡೆಯುವ ಕೊಡಲಿ: ದುರಸ್ತಿಯೋ, ಹೊಸದೋ?

1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕುವುದಕ್ಕೆ ಮುಂಚೆ ಯಡಿಯೂರು, ಸಾರಕ್ಕಿಗಳು ಬೆಂಗಳೂರಿನ ದಕ್ಷಿಣಕ್ಕಿದ್ದ ಹಳ್ಳಿಗಳು. ಅಲ್ಲಿ ಅಡಿಗೆಯ ಒಲೆಗೂ ನೀರೊಲೆಗೂ ಸೌದೆಯೇ ಆಧಾರವಾಗಿದ್ದಿತು. ಗ್ರಾಮಾಂತರದಲ್ಲಿ ಸೌದೆ ಉರಿಸುವ ಮನೆಗಳು ಇಂದಿಗೂ ಉಂಟು. ಅಂಥ ಮನೆಯ ಕೊಡಲಿ ಕೆಟ್ಟಾಗ ದುರಸ್ತಿ ಮಾಡಿಸಬೇಕೋ ಹೊಸದನ್ನು ಕೊಳ್ಳಬೇಕೋ ಎಂಬುದನ್ನು ಅದರ ಕಣ್ಣನ್ನು, ಎಂದರೆ ಕಾವು ಕೂರುವ ತೂತನ್ನು, ನೋಡಿ ನಿರ್ಧರಿಸತಕ್ಕದ್ದು.

ಕಾವು ಮುರಿದ ಮಾತ್ರಕ್ಕೆ ಕೊಡಲಿಯನ್ನು ಬಿಸಾಡಕೂಡದು. ಚೆನ್ನಾಗಿ ಒಣಗಿದ, ಗಂಟಿಲ್ಲದ ಜಾಲಿ ಅಥವಾ ದಿಂಡಿಗದ ಕಾವನ್ನು ಹಾಕಿ ಬೆಣೆ ಬಿಗಿದರೆ ಸಾಕು. ಹಸಿಮರದ ಕಾವು ಒಣಗಿದಂತೆ ಕುಗ್ಗಿ ಸಡಿಲವಾಗುವುದು. ಅದನ್ನು ನೀರಿನಲ್ಲಿ ನೆನೆಸಿ ಬಿಗಿಮಾಡುವುದು ಆ ಹೊತ್ತಿನ ಉಪಾಯ ಮಾತ್ರ. ಬಾಯಿ ಮೊಂಡಾದರೆ ಸಾಣೆ ಹಿಡಿಯಬೇಕು. ಉಕ್ಕು ಸವೆದಿದ್ದರೆ ಕಮ್ಮಾರನಿಂದ ಹೊಸ ಉಕ್ಕನ್ನು ಬೆಸೆಯಿಸಿ ಹದ ಕೊಡಿಸಬಹುದು.

ಆದರೆ ಕಣ್ಣು ಬಿರುಕುಬಿಟ್ಟಿದ್ದರೆ ಹೊಸದನ್ನೇ ಕೊಳ್ಳತಕ್ಕದ್ದು. ಬೀಸುವಾಗ ಕೊಡಲಿಯ ತಲೆ ಹಾರಿ, ಹತ್ತಿರ ನಿಂತವರ ಪ್ರಾಣಕ್ಕೇ ಅಪಾಯವಾಗಬಹುದು. ಕೊಡಲಿಯನ್ನೇ ಬೆಣೆಯಂತೆ ಇಟ್ಟು ಹಿಂಬದಿಗೆ ಸುತ್ತಿಗೆಯಿಂದ ಹೊಡೆದರೆ ಕಣ್ಣು ಹಿಗ್ಗಿ ಬಿರಿಯುವುದು. ಗಂಟುಮರಕ್ಕೆ ಕಬ್ಬಿಣದ ಬೆಣೆಯನ್ನು ಬೇರೆ ಇಟ್ಟುಕೊಳ್ಳಬೇಕು.

ಆಳಿನ ಕೈಗೆ ಕೊಡಲಿಯನ್ನು ಕೊಡುವ ಮುನ್ನ ಯಜಮಾನನು ಅದರ ಕಣ್ಣನ್ನು ತಾನೇ ಪರೀಕ್ಷಿಸತಕ್ಕದ್ದು.