ಕಿಲೋ ಲೆಕ್ಕಕ್ಕೆ ಹೋದ ಮಷೀನು

ನಮ್ಮ ಕಾಕಾನ ಪತ್ರಾ (ತಗಡು) ಅಂಗಡಿಯ ಸಾಮಾನನ್ನೆಲ್ಲ ಮೋಡಕಾದವನಿಗೆ, ಅಂದರೆ ಗುಜರಿಯವನಿಗೆ, ತೂಗಿ ಕೊಟ್ಟವನು ಅವರ ಹಿರಿಯ ಮಗ. ಪುಣೆಯಲ್ಲಿ ನೌಕರಿ ಅವನದು. ರಜೆ ಮುಗಿಯುವುದರೊಳಗೆ ಅಂಗಡಿ ಖಾಲಿಯಾಗಬೇಕಿತ್ತು. "ಅಣ್ಣಾ, ನಾ ತಗೋತೇನಿ, ಸ್ವಲ್ಪ ತಡಿ, ರೊಕ್ಕ ಹೊಂದಸ್ತೇನಿ" ಅಂತ ಕೇಳಿಕೊಂಡೆ. "ತುಕ್ಕ ಹಿಡದ ಕಬ್ಬಣಕ್ಕ ಯಾಕಷ್ಟ ಜೀವಾ ಬಿಡ್ತಿ ತಮ್ಮಾ?" ಅಂದ. ಹಾರೂಗೇರಿ ಸುತ್ತಲಿನ ತೋಟಗಳಲ್ಲಿ ಅರಿಶಿಣ ಕುದಿಸಿದ ಎಷ್ಟೋ ಕಡಾಯಿಗಳು ಆ ಕಬ್ಬಿಣದ ಮೇಲೆಯೇ ಆಕಾರ ಪಡೆದವು. ಅವನ ಕಾಲೇಜಿನ ಫೀಯೂ ಅದರಿಂದಲೇ ಹುಟ್ಟಿದ್ದು.

ರೊಕ್ಕ ಹೊಂದಿಸಿಕೊಂಡು ಮೋಡಕಾ ಅಡ್ಡೆಗೆ ಓಡಿದಾಗ ಅಂಚು ಮಡಚುವ ಮಷೀನು ನೆಲಕ್ಕಿಳಿದಿತ್ತು. ಕೈಯಿಂದ ತಿರುಗಿಸುವ ಹಳೇ ಮಷೀನು, ಚೌಕಟ್ಟೆಲ್ಲ ಬೀಡು ಕಬ್ಬಿಣ. ಕೊಲ್ಲಾಪುರದ ಫೌಂಡ್ರಿಗಳ ಕುಲುಮೆಗೆ ಬೀಡು ತುಂಡಾಗಿಯೇ ಹೋಗಬೇಕು, ಅದಕ್ಕೆ ಇವರು ಮೊದಲೇ ಒಡೆಯುತ್ತಾರೆ. ಒಬ್ಬ ಹುಡುಗ ಘನ ಎತ್ತಿದ್ದ. ನಾನು ಕೂಗಿದೆ. ಪಕ್ಕದಲ್ಲೇ ಟ್ರಕ್ಕಿಗೆ ಮಾಲು ತುಂಬುತ್ತಿದ್ದರು, ಅವನಿಗೆ ಕೇಳಿಸಲಿಲ್ಲ. ಮೊದಲ ಏಟಿಗೆ ಬರೀ ಸದ್ದು ಬಂತು. ಎರಡನೆಯದಕ್ಕೆ ಬುಡದಿಂದ ಸೀಳಿತು. ಒಳಗಿನ ಬೀಡು ಬೂದು ಬಣ್ಣ, ಸಕ್ಕರೆ ಹಳಕಿನ ಹಾಗೆ ಕಾಳುಕಾಳು; ಎಲ್ಲೂ ಗುಳ್ಳೆಯಿಲ್ಲ, ಹಳೆಯ ಬಿರುಕಿಲ್ಲ. ಹಲ್ಲುಚಕ್ರವೊಂದು ಉರುಳಿ ಬಂದು ನನ್ನ ಕಾಲಿಗೆ ತಾಗಿತು. ಎತ್ತಿ ನೋಡಿದರೆ ಒಂದು ಹಲ್ಲೂ ಸವೆದಿರಲಿಲ್ಲ. ಕಾಕಾ ವಾರಕ್ಕೊಮ್ಮೆ ತಪ್ಪದೆ ಎಣ್ಣೆ ಬಿಡುತ್ತಿದ್ದರು. ಆ ಚೌಕಟ್ಟನ್ನು ಬೆಸೆದು ನಿಲ್ಲಿಸಬಹುದಾದರೂ ರೋಲುಗಳು ಮೊದಲಿನಂತೆ ಒಂದಕ್ಕೊಂದು ಎದುರಾಗಿ ಕೂರುವುದಿಲ್ಲ. ಅಲ್ಲಿಗೆ ಅದು ಮುಗಿಯಿತು.

ಪತ್ರಾ ಸುತ್ತುವ ರೋಲಿಂಗ್ ಮಷೀನು ಇನ್ನೂ ಟೆಂಪೋದಲ್ಲೇ ಇತ್ತು. ನನ್ನ ಮುಖ ನೋಡಿದವನೇ ಮೋಡಕಾದವನು ತಾನು ಕೊಟ್ಟದ್ದರ ಇಮ್ಮಡಿ ಹೇಳಿದ. ಚೌಕಾಶಿ ಮಾಡದೆ ಎಣಿಸಿ ಕೊಟ್ಟು, ಚೀಟಿ ಬರೆಸಿಕೊಂಡೆ. ಮನೆಯವರೆಲ್ಲ ನನಗೆ ತಲೆ ಕೆಟ್ಟಿದೆ ಅಂದರು. ಕೆಟ್ಟಿರಲಿಲ್ಲ. ಕಿಲೋ ದರ ಹಳೆಯ ಸಾಮಾನಿನ ಕಟ್ಟಕಡೆಯ ಬೆಲೆ, ಅದಕ್ಕಿಂತ ಕೆಳಗೆ ಇಳಿಯುವಂತೆಯೇ ಇಲ್ಲ. ಹೊಸದರ ಬೆಲೆ ಮೇಲಿನ ಗಡಿ. ನಡುವೆ ಎಲ್ಲಿ ನಿಲ್ಲಬೇಕೆನ್ನುವುದನ್ನು ಸಾಮಾನೇ ಹೇಳುತ್ತದೆ.

ರೋಲಿಂಗ್ ಮಷೀನು ನೋಡಲು ಹೋಗುವಾಗ 22 ಗೇಜಿನ, ಅಂದರೆ ಸುಮಾರು 0.7 ಮಿಲಿಮೀಟರ್ ದಪ್ಪದ, ಒಂದೇ ಅಳತೆಯ ಎರಡು ಪಟ್ಟಿ ಒಯ್ಯಿರಿ. ಒಂದನ್ನು ಎಡತುದಿಯಲ್ಲಿ, ಇನ್ನೊಂದನ್ನು ಬಲತುದಿಯಲ್ಲಿ ಸುತ್ತಿಸಿ. ಎರಡೂ ಬಳೆ ಒಂದೇ ಗಾತ್ರ ಬಂದರೆ ಸರಿ. ಹೆಚ್ಚುಕಮ್ಮಿ ಬಂದು, ಸ್ಕ್ರೂ ತಿರುಗಿಸಿದರೂ ಸರಿಹೋಗದಿದ್ದರೆ ಬೇರಿಂಗ್ ಕುಳಿತಿದೆ ಅಥವಾ ರೋಲು ಬಾಗಿದೆ. ಬಡಿಯುವ ಅಡಿಗಲ್ಲು ಕೊಳ್ಳುವಾಗ ಅದರ ಮೇಲೆ ಬೇರಿಂಗಿನ ಗುಂಡು ಬೀಳಿಸಿ ನೋಡಿ: ಹದ ಇರುವ ಉಕ್ಕು ಅದನ್ನು ಎತ್ತರಕ್ಕೆ ಚಿಮ್ಮಿಸುತ್ತದೆ, ಹದ ಕಳೆದುಕೊಂಡದ್ದು ಅಲ್ಲೇ ಕೂರಿಸುತ್ತದೆ. ಮೇಲಿನ ತುಕ್ಕಿಗೆ ಹೆದರಬೇಡಿ. ಬಡಿಯುವ ಮುಖದಲ್ಲಿ ತುಕ್ಕು ತಿಂದ ಕುಳಿಗಳಿದ್ದರೆ ಮಾತ್ರ ಪ್ರತಿ ಪತ್ರಾದ ಮೇಲೂ ಅವುಗಳ ಗುರುತು ಬೀಳುತ್ತದೆ. ಕತ್ತರಿಯ ಬಾಯಿ ನೀಲಿಗಟ್ಟಿದ್ದರೆ ಯಾರೋ ಸಾಣೆ ಮಷೀನಿಗೆ ಹಿಡಿದು ಸುಟ್ಟಿದ್ದಾರೆ, ಬಿಟ್ಟುಬಿಡಿ. ಕಾಕಾನ ಹತ್ತಿರ ಶೆಫೀಲ್ಡಿನ ಗಿಲ್ಬೋ ಕತ್ತರಿಯಿತ್ತು, ತುದಿಯವರೆಗೂ ಕಾಗದ ಕತ್ತರಿಸುತ್ತಿತ್ತು. ಅದೂ ತಕ್ಕಡಿಗೆ ಹೋಯಿತು.

ಅಮೆರಿಕದ ಸದಿಂಗ್ಟನ್ನಿನ ಪೆಕ್ಸ್‌ಟೊ ಮಷೀನುಗಳನ್ನು ಅಲ್ಲಿ ಹೆಸರು ನೋಡಿ ಕೊಳ್ಳುವವರಿದ್ದಾರೆ. ನಮ್ಮ ಕಡೆ ಹೆಸರಿಗೆ ರೊಕ್ಕ ಬರುವುದಿಲ್ಲ, ಆ ಆಸೆಗೆ ಬಿದ್ದು ಬೆಲೆ ಏರಿಸಿಕೊಳ್ಳಬೇಡಿ.

ಅರಿಶಿಣದ ಹಂಗಾಮಿನಲ್ಲಿ ನನ್ನ ಮಷೀನಿಗೆ ಬಿಡುವಿಲ್ಲ. ಈಗ ಅಣ್ಣ ಫೋನ್ ಮಾಡಿ, ಅದು ಅಪ್ಪನ ಆಸ್ತಿ, ತನಗೂ ಪಾಲು ಬರಬೇಕು ಅನ್ನುತ್ತಾನೆ. ಮೋಡಕಾದವನ ಚೀಟಿಯ ಫೋಟೋ ತೆಗೆದು ಅವನಿಗೆ ಕಳಿಸಿದ್ದೇನೆ.