ಒಂದೇ ಏಟಿಗೆ ಸಾಯದ ವೀರ: ಆಟಪರೀಕ್ಷೆಯಲ್ಲಿ ಆಟಗಾರನ ಮಾತು

ಕವಿತೆಯೊಂದು ಅಚ್ಚಿಗೆ ಹೋಗುವ ಮುನ್ನ ಒಬ್ಬಿಬ್ಬರು ಆಪ್ತರ ಕಿವಿಗೆ ಬೀಳುತ್ತದೆ. ನಾಟಕವು ರಂಗವೇರುವ ಮುನ್ನ ತಾಲೀಮಿನಲ್ಲಿ ಬದಲಾಗುತ್ತದೆ. ಆಟದ ಸಂಗತಿ ಇವೆರಡಕ್ಕಿಂತ ಸ್ವಲ್ಪ ಭಿನ್ನ. ನಿಯಮಗಳನ್ನು ಎಷ್ಟೇ ಎಚ್ಚರದಿಂದ ಬರೆದಿದ್ದರೂ ಅವು ಆಟವಾಗುವುದು ಆಡುವವರ ಕೈಯಲ್ಲಿ ಮಾತ್ರ. ಆದ್ದರಿಂದಲೇ ಇನ್ನೂ ರಚನೆಯ ಹಂತದಲ್ಲಿರುವ ಆಟವನ್ನು ಕೆಲವರಿಗೆ ಆಡಲು ಕೊಟ್ಟು, ಅವರ ಪ್ರತಿಕ್ರಿಯೆಯನ್ನು ಪಡೆದು, ನಿಯಮಗಳನ್ನು ತಿದ್ದುವ ಕ್ರಮವೊಂದು ಬೆಳೆದುಬಂದಿದೆ. ಇದಕ್ಕೆ ಪ್ಲೇಟೆಸ್ಟ್ ಎಂದು ಹೆಸರು, ಆಟಪರೀಕ್ಷೆ ಎನ್ನಬಹುದು. ದೊಡ್ಡ ಕಂಪನಿಗಳ ಆಸರೆಯಿಲ್ಲದೆ ಒಬ್ಬಿಬ್ಬರು ತಮ್ಮ ಖರ್ಚಿನಲ್ಲಿಯೇ ಕಟ್ಟುವ ಇಂಡೀ ಆಟಗಳಿಗೆ ಇದೇ ಮುಖ್ಯ ಆಧಾರ. ಆದರೆ ಆಟಗಾರನು ಹೇಳಿದ್ದನ್ನು ರಚನಕಾರನು ಹೇಗೆ ಕೇಳಿಸಿಕೊಳ್ಳಬೇಕು? ವಿಮರ್ಶೆಯನ್ನು ಅಭ್ಯಾಸ ಮಾಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ಪ್ರಶ್ನೆ ಹೊರಗಿನದಲ್ಲ.

ಪಾತ್ರಧಾರಣೆಯ ಆಟಗಳಿಗೆಲ್ಲ ಮೂಲವೆನಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಂದು ಅದು ದೊಡ್ಡ ಕಂಪನಿಯ ಸ್ವತ್ತು, ಹುಟ್ಟಿದಾಗ ಹಾಗಿರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಹಾಗೂ ಮಿನೆಸೋಟಾದ ಡೇವ್ ಆರ್ನೆಸನ್ ಇದರ ಕರ್ತೃಗಳು. ಗೈಗ್ಯಾಕ್ಸ್ ತಮ್ಮ ಗೆಳೆಯ ಡಾನ್ ಕೇಯ್ ಜೊತೆ 1973ರಲ್ಲಿ ಟಿಎಸ್‌ಆರ್ ಎಂಬ ಪುಟ್ಟ ಸಂಸ್ಥೆಯನ್ನು ಕಟ್ಟಿದರು. ಮರುವರ್ಷ ಮೂರು ಕಿರುಹೊತ್ತಗೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು 1000 ಪ್ರತಿಗಳನ್ನು ಹೊರತಂದರು. ಬೆಲೆ 10 ಡಾಲರ್. ಈ ಆಟದಲ್ಲಿ ಹಾಸಾಗಲಿ ಕಾಯಿಗಳಾಗಲಿ ಮುಖ್ಯವಲ್ಲ. ನಿರ್ವಾಹಕನೊಬ್ಬನು ಸನ್ನಿವೇಶವನ್ನು ಬಣ್ಣಿಸುತ್ತಾನೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿ, ಬಾಗಿಲು ಒಡೆಯುವುದನ್ನೋ ಕತ್ತಿ ಬೀಸುವುದನ್ನೋ ಮಾತಿನಲ್ಲಿಯೇ ಹೇಳುತ್ತಾರೆ. ಫಲವೇನೆಂಬುದನ್ನು ಹಲವು ಸಲ ದಾಳ ನಿರ್ಧರಿಸುತ್ತದೆ. ಪಾತ್ರದ ಮಾತನ್ನು ಆ ಗಳಿಗೆಯಲ್ಲಿಯೇ ಕಟ್ಟುವ ಬಗೆ ತಾಳಮದ್ದಳೆಯ ಅರ್ಥಧಾರಿಯನ್ನು ನೆನಪಿಸಿದರೂ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ತಿಳಿದಿರುವುದಿಲ್ಲ.

ಪುಸ್ತಕ ಅಚ್ಚಾಗುವುದಕ್ಕೆ ಎರಡು ಮೂರು ವರ್ಷ ಮೊದಲೇ ಆರ್ನೆಸನ್ ತಮ್ಮ ಗೆಳೆಯರೊಂದಿಗೆ 'ಬ್ಲ್ಯಾಕ್‌ಮೂರ್' ಎಂಬ ಕಲ್ಪಿತ ಸೀಮೆಯಲ್ಲಿ ಆಡತೊಡಗಿದ್ದರು. ಕಾಳಗಕ್ಕೆ ಅವರು ಮೊದಮೊದಲು ನೆಚ್ಚಿಕೊಂಡದ್ದು ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಪ್ರಕಟಿಸಿದ್ದ 'ಚೈನ್‌ಮೇಲ್' ಎಂಬ ಯುದ್ಧದಾಟದ ನಿಯಮಗಳನ್ನು. ಅವು ಮೂಲತಃ ಸೈನ್ಯಗಳಿಗಾಗಿ ಬರೆದವು. ಸಾಮಾನ್ಯ ಸೈನಿಕನಿಗೆ ಏಟು ತಗುಲಿತೆಂದರೆ ಅವನ ಗೊಂಬೆ ಮೇಜಿನಿಂದ ಹೊರಗೆ. ತಗುಲಲಿಲ್ಲವೆಂದರೆ ಏನೂ ಆಗಿಲ್ಲವೆಂದೇ ಲೆಕ್ಕ. ನೂರಾರು ಗೊಂಬೆಗಳ ದಂಡನ್ನು ನಡೆಸುವವನಿಗೆ ಒಂದು ಹೋದರೆ ಅಂಥ ದುಃಖವೇನಿಲ್ಲ. ಬ್ಲ್ಯಾಕ್‌ಮೂರಿನಲ್ಲಿಯಾದರೋ ಆಟಗಾರನಿಗೆ ಇದ್ದುದು ಒಂದೇ ಪಾತ್ರ. ಅದಕ್ಕೊಂದು ಹೆಸರಿತ್ತು, ವಾರದಿಂದ ವಾರಕ್ಕೆ ಕೂಡಿಬಂದ ಚರಿತ್ರೆಯಿತ್ತು. ಅದು ದಾಳದ ಒಂದೇ ಉರುಳಿಗೆ ಇಲ್ಲವಾಗುವುದನ್ನು ಯಾರೂ ಸಹಿಸಲಿಲ್ಲ.

ಈ ದೂರನ್ನು ಆರ್ನೆಸನ್ ಮುಂದೆ ನೆನಪಿಸಿಕೊಂಡ ರೀತಿ ಸ್ವಾರಸ್ಯಕರವಾಗಿದೆ. ತಾವು ಒಂದೇ ಏಟಿಗೆ ರಾಕ್ಷಸನನ್ನು ಕೊಲ್ಲುವ ಬಗ್ಗೆ ಆಟಗಾರರದೇನೂ ತಕರಾರಿರಲಿಲ್ಲವಂತೆ; ರಾಕ್ಷಸನು ತಮ್ಮನ್ನು ಒಂದೇ ಏಟಿಗೆ ಕೊಲ್ಲಕೂಡದು, ಅಷ್ಟೇ. ಈ ದೂರಿನಲ್ಲಿ ನ್ಯಾಯವಿಲ್ಲ, ಆದರೆ ನಿಜವಿದೆ. ಅವಸರದ ರಚನಕಾರನಾಗಿದ್ದರೆ ಎರಡರಲ್ಲಿ ಒಂದು ಮಾಡುತ್ತಿದ್ದ: ರಾಕ್ಷಸರ ಬಲವನ್ನು ಇಳಿಸುತ್ತಿದ್ದ, ಇಲ್ಲವೇ ಆಟವೆಂದಮೇಲೆ ಸೋಲು ಇದ್ದದ್ದೇ ಎಂದು ಗೆಳೆಯರ ಬಾಯಿ ಮುಚ್ಚಿಸುತ್ತಿದ್ದ. ಆರ್ನೆಸನ್ ಎರಡನ್ನೂ ಮಾಡಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಕವಚದ ಹಡಗುಗಳ ಬಗ್ಗೆ ಅವರು ಹಿಂದೆ ರೂಪಿಸಿದ್ದ ನೌಕಾಯುದ್ಧದ ನಿಯಮಗಳಿದ್ದವು. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ. ಗುಂಡಿನಿಂದ ಗುಂಡಿಗೆ ಜರ್ಜರಿತವಾಗುತ್ತ ಹೋಗುತ್ತದೆ. ಆ ಎಣಿಕೆಯನ್ನು ಅವರು ಮನುಷ್ಯಪಾತ್ರಕ್ಕೆ ತಂದು ಹಚ್ಚಿದರು. ಇದೇ ಹಿಟ್ ಪಾಯಿಂಟ್. ಇಂದು ಮೊಬೈಲಿನ ಆಟದಲ್ಲಿ ಪಾತ್ರದ ತಲೆಯ ಮೇಲೆ ಕುಗ್ಗುತ್ತ ಹೋಗುವ ಬಣ್ಣದ ಪಟ್ಟಿಯೂ ಇದೇ ವಂಶದ್ದು.

ಆಟಗಾರರು ಕೇಳಿದ್ದು ಆಯುಸ್ಸನ್ನು. ಅವರಿಗೆ ದೊರೆತದ್ದು ಅದಕ್ಕಿಂತ ಹೆಚ್ಚಿನದು. ಬದುಕಿಗೂ ಸಾವಿಗೂ ನಡುವೆ ಮೊದಲು ಇಲ್ಲದಿದ್ದ ಒಂದು ಅವಧಿ ಈಗ ತೆರೆದುಕೊಂಡಿತು. ಗಾಯಗೊಂಡವನು ಓಡಬಹುದು, ಸಂಧಿಗೆ ಇಳಿಯಬಹುದು, ಗೆಳೆಯನನ್ನು ಕೂಗಬಹುದು, ಹಟಕ್ಕೆ ಬಿದ್ದು ಮತ್ತೂ ಮುಂದೆ ನುಗ್ಗಬಹುದು. ಕಥೆ ಹುಟ್ಟುವುದು ಈ ನಡುವಿನ ಹೊತ್ತಿನಲ್ಲಿಯೇ. ರನ್ನನ 'ಗದಾಯುದ್ಧ'ವನ್ನು ಓದಿದ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೇನೆಯೆಲ್ಲ ಅಳಿದ ಮೇಲೂ ದುರ್ಯೋಧನನು ಉಳಿದಿರುವ ಹೊತ್ತೇ ಆ ಕಾವ್ಯದ ಜೀವ. ಸಾವಿನ ನಿಯಮ ಬದಲಾದರೆ ಆಟದ ಸ್ವಭಾವವೇ ಬದಲಾಗುತ್ತದೆಂಬುದಕ್ಕೆ ಕಬಡ್ಡಿಯೂ ಸಾಕ್ಷಿ. ಗಾಮಿನಿ ಪದ್ಧತಿಯಲ್ಲಿ ಔಟಾದವನು ತನ್ನ ತಂಡವೆಲ್ಲ ಮುಗಿಯುವವರೆಗೆ ಹೊರಗೇ ಕೂರಬೇಕು. ಸಂಜೀವಿನಿಯಲ್ಲಿ ಎದುರಾಳಿಯೊಬ್ಬನು ಔಟಾದರೆ ಇವನು ಮರಳಿ ಬರುತ್ತಾನೆ. ಹೆಸರುಗಳೇ ಎಷ್ಟೋ ಹೇಳುತ್ತವೆ.

ಬ್ಲ್ಯಾಕ್‌ಮೂರಿನ ಇನ್ನೊಂದು ದೂರು ಬೇರೆ ಬಗೆಯದು. ಅಲ್ಲಿ ಆಟಗಾರನೊಬ್ಬನ ಪಾತ್ರವು ನೆತ್ತರು ಹೀರುವ ವ್ಯಾಂಪೈರ್ ಆಗಿ ಮಾರ್ಪಟ್ಟು ಉಳಿದವರ ಕೈಗೆ ಸಿಗದಷ್ಟು ಬಲಿತುಬಿಟ್ಟಿತು. ಅದನ್ನು ಆಟದಿಂದ ತೆಗೆದುಹಾಕುವ ಬದಲು, ಅದನ್ನು ಎದುರಿಸಬಲ್ಲ ಒಬ್ಬ ಬಿಷಪ್ಪನ ಪಾತ್ರವನ್ನು ಸೇರಿಸಲಾಯಿತು. 1974ರ ಹೊತ್ತಗೆಗಳಲ್ಲಿ ಯೋಧ, ಮಾಂತ್ರಿಕ ಇವರ ಜೊತೆಗೆ ಕಾಣುವ ಮೂರನೆಯ ಪಾತ್ರವರ್ಗವಾದ 'ಕ್ಲೆರಿಕ್' ಬೆಳೆದದ್ದು ಅಲ್ಲಿಂದ.

ಇಷ್ಟೆಲ್ಲ ಪರೀಕ್ಷೆಗೆ ಒಳಗಾದ ಆಟವು ಅಚ್ಚಾದ ಮೇಲೆ ಎಡವಿದ್ದು ಎಲ್ಲಿ ಎಂಬುದು ಭಾಷೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಭಾಗ. ಕರಡನ್ನು ಆಡಿ ನೋಡಿದವರು ಬಹುಪಾಲು ಕರ್ತೃಗಳ ಬಳಗದವರೇ. ಗೈಗ್ಯಾಕ್ಸ್ ಅವರ ಮೇಜಿನಲ್ಲಿ ಮೊದಲು ಕೂತವರು ಅವರ ಮಗ ಮತ್ತು ಮಗಳು. ಸಂಶಯ ಬಂದರೆ ಕೇಳಲು ಬರೆದವರೇ ಎದುರಿಗಿದ್ದರು. ಹೀಗಾಗಿ ಪರೀಕ್ಷೆಯಾದದ್ದು ಆಟವೇ ಹೊರತು ಬರಹವಲ್ಲ. ದೂರದ ಊರಿನಲ್ಲಿ ಪೆಟ್ಟಿಗೆ ತೆರೆದವನಿಗೆ ಹೊತ್ತಗೆಗಳ ವಿನಾ ಬೇರೆ ಗತಿಯಿರಲಿಲ್ಲ. 'ಲೆವೆಲ್' ಎಂಬ ಒಂದೇ ಪದ ಅಲ್ಲಿ ಪಾತ್ರದ ಶ್ರೇಣಿಗೂ, ನೆಲಮಾಳಿಗೆಯ ಅಂತಸ್ತಿಗೂ, ಮಂತ್ರದ ದರ್ಜೆಗೂ, ರಾಕ್ಷಸನ ಬಲಕ್ಕೂ ದುಡಿಯುತ್ತಿತ್ತು. ಕನ್ನಡಿಸುವವನು ನಾಲ್ಕು ಪದಗಳನ್ನು ಬಳಸಿ ಈ ಗೊಂದಲದಿಂದ ಸಲೀಸಾಗಿ ಪಾರಾಗುತ್ತಾನೆ. ಅನುವಾದವೂ ಒಂದು ಪರೀಕ್ಷೆಯೇ ತಾನೆ. ರಾಕ್ಷಸರ ಪಟ್ಟಿಯಲ್ಲಿ ಗವಿ ಎಂಬ ಅರ್ಥದ 'ಲೇರ್' ಪದವು ಸುಳ್ಳುಗಾರ ಎಂಬ ಅರ್ಥದ 'ಲಯರ್' ಎಂದು ಅಚ್ಚಾಗಿತ್ತು. ರಾಕ್ಷಸನು ಗವಿಯಲ್ಲಿ ಸಿಗುವ ಸಂಭವವನ್ನು ಅವನು ಸುಳ್ಳು ಹೇಳುವ ಸಂಭವವೆಂದು ಓದಿಕೊಂಡವರೂ ಇದ್ದರು. ಬಳಗದವರ ಕಣ್ಣಿಗೆ ಇಂಥದು ಬೀಳುವುದಿಲ್ಲ. ಅವರು ಓದುವುದು ತಮಗೆ ತಿಳಿದದ್ದನ್ನು.

ಅರಿಜೋನಾದ ಕೆನ್ ಸೇಂಟ್ ಆಂಡ್ರೆ ಆ ಹೊತ್ತಗೆಗಳನ್ನು ಓದಿ, ಕಲ್ಪನೆಯನ್ನು ಮೆಚ್ಚಿ, ನಿಯಮಗಳ ಗೊಂದಲಕ್ಕೆ ಬೇಸತ್ತು, 1975ರಲ್ಲಿ 'ಟನಲ್ಸ್ ಅಂಡ್ ಟ್ರೋಲ್ಸ್' ಎಂಬ ತಮ್ಮದೇ ಆಟವನ್ನು ಬರೆದರು. ಅದಕ್ಕೆ ಎಲ್ಲರ ಮನೆಯಲ್ಲೂ ಸಿಗುವ ಆರು ಮುಖದ ದಾಳವೇ ಸಾಕಾಗಿತ್ತು. ಕ್ಯಾಲಿಫೋರ್ನಿಯಾದ ನರರೋಗತಜ್ಞ, ಪ್ರಾಧ್ಯಾಪಕ ಜೆ. ಎರಿಕ್ ಹೋಮ್ಸ್ ಮೂಲನಿಯಮಗಳನ್ನೇ ಹೊಸಬರಿಗೆ ತಿಳಿಯುವಂತೆ ತಿದ್ದಿಕೊಡಲು ಮುಂದೆ ಬಂದರು. 1977ರ ಆರಂಭಿಕ ಆವೃತ್ತಿ ಅವರ ಕೈಯಿಂದ ಸಿದ್ಧವಾದದ್ದು. ಒಬ್ಬರ ಪ್ರತಿಕ್ರಿಯೆ ಪ್ರತಿಕೃತಿಯಾಯಿತು, ಇನ್ನೊಬ್ಬರದು ಸಂಪಾದನೆಯಾಯಿತು. ಈಗ ಕರ್ತೃವು ಹಾಜರಿಲ್ಲದೆ, ಅಪರಿಚಿತರ ಕೈಗೆ ಬರಹವನ್ನಷ್ಟೇ ಕೊಟ್ಟು ನಡೆಸುವ ಪರೀಕ್ಷೆಯನ್ನು ಬೇರೆಯಾಗಿಯೇ ಗುರುತಿಸುತ್ತಾರೆ. ಇಂಡೀ ರಚನಕಾರರಿಗೆ ಅತ್ಯಂತ ಕಠಿಣವಾದುದೂ ಅದೇ, ಏಕೆಂದರೆ ಅಲ್ಲಿ ಬಾಯಿ ಹಾಕುವಂತಿಲ್ಲ.

ಇನ್ನು ಪ್ರತಿಕ್ರಿಯೆ ಬರೆಯುವವನ ಭಾಷೆ. 'ಆಟ ಚೆನ್ನಾಗಿದೆ' ಎಂಬ ಮಾತಿನಿಂದ ರಚನಕಾರನಿಗೆ ಉಪಯೋಗವಿಲ್ಲ. 'ಆಟ ನೀರಸ' ಎಂಬುದು ತೀರ್ಪು. ಅದನ್ನು ಒಪ್ಪಬಹುದು, ಅಲ್ಲಗಳೆಯಬಹುದು. 'ರಾಕ್ಷಸನ ಬಲ ಇಳಿಸಿ' ಎಂಬುದು ಮದ್ದು. ರೋಗ ಯಾವುದೆಂದು ಅದು ತಿಳಿಸುವುದಿಲ್ಲ. 'ಎರಡನೆಯ ಬಾಗಿಲ ಬಳಿ ಮೂರು ಸಲ ಸತ್ತಾಗ ನನಗೆ ಬೇಸರ ಬಂತು' ಎಂಬ ವಾಕ್ಯವನ್ನು ಮಾತ್ರ ಯಾರೂ ಅಲ್ಲಗಳೆಯಲಾಗದು. ಕನ್ನಡದ ಚತುರ್ಥಿ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ: ಬೇಸರವನ್ನು ಆಟದ ಗುಣವೆಂದು ಸಾರದೆ, ಒಬ್ಬನಿಗೆ, ಒಂದು ಗಳಿಗೆಯಲ್ಲಿ ಬಂದದ್ದೆಂದು ಅದು ಹೇಳುತ್ತದೆ. ಮರಾಠಿಯ 'ಮಲಾ ಕಂಟಾಳಾ ಆಲಾ' ಎಂಬುದರ ಕಟ್ಟೂ ಇದೇ. ಎರಡೂ ಭಾಷೆಗಳಲ್ಲಿ ಬೆಳೆದ ಗಡಿಭಾಗದ ವಿದ್ಯಾರ್ಥಿಗಳು ಇದನ್ನು ದಿನವೂ ಆಡುತ್ತಾರೆ. ಪ್ರಬಂಧಕ್ಕೆ ಕೂತಾಗ ಮಾತ್ರ ಅದನ್ನು ಬಿಟ್ಟು 'ಈ ಕವಿತೆ ನೀರಸವಾಗಿದೆ' ಎಂದು ಬರೆಯುತ್ತಾರೆ. ಬ್ಲ್ಯಾಕ್‌ಮೂರಿನ ಆಟಗಾರರು ಹಡಗಿನ ಲೆಕ್ಕವನ್ನು ಸೂಚಿಸಿರಲಿಲ್ಲ. ತಮಗೆ ಏನಾಯಿತೆಂಬುದನ್ನಷ್ಟೇ ಹೇಳಿದ್ದರು.

ಅಭ್ಯಾಸಕ್ಕೆ: ಲಗೋರಿಯ ನಿಯಮಗಳನ್ನು ಒಂದೂವರೆ ಪುಟದಲ್ಲಿ ಬರೆಯಿರಿ. ಬೇರೆ ಊರಿನ ಸಹಪಾಠಿಗಳಿಗೆ ಆ ಪುಟವನ್ನು ಕೊಟ್ಟು ಆಡಲು ಹೇಳಿ, ಅಂಗಳದ ಅಂಚಿನಲ್ಲಿ ಮಾತಾಡದೆ ಕೂತು ನೋಡಿ. ಅವರು ಎಲ್ಲಿ ನಿಂತರು, ಯಾವ ಪದಕ್ಕೆ ಜಗಳವಾಡಿದರು, ಪುಟದಲ್ಲಿಲ್ಲದ ಯಾವ ನಿಯಮವನ್ನು ತಮ್ಮ ಊರಿನಿಂದ ತಂದುಕೊಂಡರು ಎಂಬುದನ್ನು ಬರೆದುಕೊಂಡು, ಎರಡನೆಯ ಕರಡನ್ನು ಮೊದಲನೆಯದರ ಜೊತೆ ವಿಭಾಗಕ್ಕೆ ಸಲ್ಲಿಸಿ.